ಅವಳಿಗೆ ಆರು, ನನಗೆ ಮೂವತ್ತೊಂದು

ಮಾರ್ಚ್ ೪, ಮಂಗಳವಾರ. ಸಂಜೆ ಏಳು

ಎರಡಕ್ಕೆ ಗಾರ್ಮೆಂಟ್ಸ್ ಫ್ಯಾಕ್ಟರಿಯ ಶಿಫ್ಟ್ ಮುಗಿಯಿತು. ಇವತ್ತು ನನ್ನ ಮಿಷಿನ್ನಿನಲ್ಲಿ ನಾನೂರ ಹತ್ತು ಶರ್ಟಿಗೆ ಗುಂಡಿ ತೂತಿನ ಕಾಜಾ. ಬಿಳಿ ಶರ್ಟು, ಬಿಳಿ ದಾರ. ಕಣ್ಣಿಗೆ ಮರಳು ಹಾಕಿದ ಹಾಗೆ. ಮನೆಗೆ ಬಂದು ಮುಖ ತೊಳೆದು, ದೇವರಿಗೆ ಕೈ ಮುಗಿದು, ಊಟದ ಡಬ್ಬಿ ಹಿಡಿದು ಬಸ್ ಹತ್ತಿದೆ. ಆಸ್ಪತ್ರೆ ಸೇರಿದಾಗ ನಾಲ್ಕು.

ನಾಲ್ಕನೇ ಮಂಚದ ಸುತ್ತ ಆಗಲೇ ಸಂತೆ. ಮೈದುನನ ಹೆಂಡತಿ ದಿಂಬಿಗೆ ಒರಗಿ ಕೂತು ಕಥೆ ಹೇಳುತ್ತಿದ್ದಾಳೆ. ಪಕ್ಕದ ಮಂಚದ ಟೀಚರಮ್ಮ, ನೆಲ ಒರೆಸುವವಳು, ಇಬ್ಬರು ನರ್ಸುಗಳು — ಎಲ್ಲರೂ ಬಾಯಿ ಬಿಟ್ಟುಕೊಂಡು. ಅವಳ ಕೈಗೆ ಸೂಜಿ ಚುಚ್ಚಿದೆ. ಹೊಟ್ಟೆ ಉಬ್ಬಿದೆ, ಉಳಿದ ಮೈಯೆಲ್ಲ ಮೂಳೆ. ಬಾಯಿ ಮಾತ್ರ ಹಾಗೇ ಇದೆ. ಇಪ್ಪತ್ತೆರಡು ವರ್ಷ ಬಸ್ ಕಂಡಕ್ಟರ್ ಆಗಿದ್ದವಳು. ವಾರ್ಡಿನಲ್ಲೂ ಅವಳು ಕಂಡಕ್ಟ್ರಮ್ಮನೇ.

ಔಷಧಿ ಇನ್ನು ನಾಟುವುದಿಲ್ಲ ಅಂತ ಡಾಕ್ಟರು ಹೋದ ತಿಂಗಳೇ ಹೇಳಿಯಾಗಿದೆ. ಏಪ್ರಿಲ್ ದಾಟುವುದು ಕಷ್ಟ. ಅವಳಿಗೂ ಗೊತ್ತು. ಅಂದು ಏನೆಂದಳು? “ಲಾಸ್ಟ್ ಸ್ಟಾಪ್ ಬಂತು ಅಕ್ಕ, ಬ್ಯಾಗು ಕೈಗೆ ತಗೋಬೇಕು.” ಅತ್ತಿದ್ದು ನಾನು. ಕರ್ಚೀಫು ಕೊಟ್ಟಿದ್ದು ಅವಳು.

ಐದಕ್ಕೆ ಪಾರ್ಸೆಲ್ ಆಫೀಸಿನಿಂದ ಮೈದುನ ಬಂದ. ಅವನಿಗೆ ದಿನಕ್ಕೊಂದು ಪಾಠ ನಡೆಯುತ್ತಿದೆ — ಅವಳು ಹೋದಮೇಲೆ ಮನೆ ನಡೆಸುವುದು ಹೇಗೆ ಅಂತ. ಮಕ್ಕಳಿಲ್ಲ, ಇವನಿಗೆ ಹಾಲು ಕಾಯಿಸಲೂ ಬರುವುದಿಲ್ಲ. ಇವತ್ತಿನ ಪಾಠ, ಬಟ್ಟೆ ನೆನೆಸುವುದು. 

“ಬಿಳಿದು ಬೇರೆ, ಬಣ್ಣದ್ದು ಬೇರೆ. ಏನಂದೆ?”

“ಬಿಳಿದು ಬೇರೆ, ಬಣ್ಣದ್ದು ಬೇರೆ.”

“ಕೆಂಪು ಟವೆಲ್ಲು?”

“ಬಣ್ಣದ್ದು.”

“ಭೇಷ್. ಮುಂದಿನ ಕ್ಲಾಸಿಗೆ ಪಾಸ್.”

ಸಣ್ಣ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ, ಐವತ್ತು ದಾಟಿದ ಗಂಡಸು. ಮಧ್ಯೆ ಮಧ್ಯೆ ತಲೆ ಎತ್ತಿ ಅವಳನ್ನು ನೋಡುತ್ತಾನೆ. ನಮ್ಮ ಯಜಮಾನರು ನನ್ನನ್ನು ಹಾಗೆ ನೋಡಿದ್ದು ಯಾವಾಗ? ನೆನಪಿಲ್ಲ. 

ಸಾಯುವವಳ ಮೇಲೂ ಹೊಟ್ಟೆಕಿಚ್ಚು ಪಡುವವಳು ನಾನೊಬ್ಬಳೇ ಇರಬೇಕು. ದೇವರೇ, ಈ ಸಾಲು ನೀನು ಓದಬೇಡ.


ಮಾರ್ಚ್ ೬, ಗುರುವಾರ. ಸಂಜೆ

ಇವತ್ತು ಒಬ್ಬ ಹೊಸ ಮೇಡಂ ಬಂದಿದ್ದರು. ನನ್ನ ಮಗಳ ವಯಸ್ಸು. ಮನಸ್ಸಿನ ಕಷ್ಟ ವಿಚಾರಿಸುವ ಡ್ಯೂಟಿಯಂತೆ. ರೋಗಿಗೊಂದು ಫಾರ್ಮು, ನೋಡಿಕೊಳ್ಳುವವರಿಗೊಂದು. ಪ್ರತಿ ಗುರುವಾರ ಬರೆಯಬೇಕು. ಹತ್ತು ಮಾತುಗಳಿವೆ. ಒಂದೊಂದರ ಮುಂದೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಇಲ್ಲವೇ ಇಲ್ಲ ಅಂದರೆ ಸೊನ್ನೆ, ಯಾವಾಗಲೂ ಹಾಗನ್ನಿಸಿದರೆ ನಾಲ್ಕು. 

“ಪರೀಕ್ಷೆ ಅಲ್ಲಮ್ಮ. ಹೇಗನ್ಸತ್ತೋ ಹಾಗೆ ಬರೀರಿ” ಅಂದರು.

ಪರೀಕ್ಷೆ ಅಲ್ಲದಿದ್ದರೆ ಅಂಕ ಯಾಕೆ.

‘ನಾನು ಮಾಡಿದ್ದೆಲ್ಲ ವ್ಯರ್ಥ ಅನ್ನಿಸುತ್ತದೆ.’ ನಾಲ್ಕು ಹಾಕಿದೆ. ನಾನು ಮಾಡಿದೆ ಅನ್ನುವುದೇ ಅಹಂಕಾರ, ಮಾಡಿಸುವವನು ಅವನು. ‘ಈ ಬದುಕಿಗೆ ಅರ್ಥವಿಲ್ಲ ಅನ್ನಿಸುತ್ತದೆ.’ ನಾಲ್ಕು. ಇರುವ ನಾಲ್ಕು ದಿನದ ಬದುಕಿಗೆ ಎಂಥ ಅರ್ಥ. ‘ನಾನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.’ ನಾಲ್ಕು. ‘ನನ್ನ ಮನಸ್ಸು ಅರಿತವರು ಯಾರೂ ಇಲ್ಲ.’ ಇಲ್ಲಿ ಸ್ವಲ್ಪ ಹೊತ್ತು ಪೆನ್ನು ನಿಂತಿತು. ನಾಲ್ಕೇ ಹಾಕಿದೆ. ದೇವರು ಕೈಬಿಟ್ಟಿದ್ದಾನೆ ಅನ್ನಿಸುತ್ತದೆಯೇ ಅಂತ ಒಂದಿತ್ತು. ಅದಕ್ಕೆ ಸೊನ್ನೆ, ದಪ್ಪಗೆ. ಎಲ್ಲ ಕೂಡಿದರೆ ಮೂವತ್ತೊಂದು. ನಲವತ್ತಕ್ಕೆ ಮೂವತ್ತೊಂದು! ನಮ್ಮೂರ ಶಾಲೆಯಲ್ಲಿ ನನಗೆ ಯಾವತ್ತೂ ಇಷ್ಟು ಬಂದಿರಲಿಲ್ಲ.

ಅವಳ ಹಾಳೆ ಇಣುಕಿದೆ. ಆರು.

ಪಾಪ ಅನ್ನಿಸಿತು. ಒಂದು ದಿನವೂ ಕೂತು ಪ್ರಾರ್ಥನೆ ಮಾಡಿದವಳಲ್ಲ. ಭಾನುವಾರ ಡ್ಯೂಟಿ, ಹಬ್ಬಕ್ಕೂ ಡ್ಯೂಟಿ. ಎಲ್ಲಿಂದ ಬರಬೇಕು ಅಂಕ? 


ಮಾರ್ಚ್ ೭. ಬೆಳಿಗ್ಗೆ

ನನ್ನ ಅಂಕ ಇವರಿಗೆ ಹೇಳಿದೆ. ತಮ್ಮ ಬೀಗದ ಅಂಗಡಿಗೆ ಹೊರಟಿದ್ದರು, ಚಪ್ಪಲಿ ಮೆಟ್ಟುತ್ತಾ “ಹ್ಞೂಂ” ಅಂದರು. ಅವಳಿಗೆ ಆರು ಬಂತು ಅಂದದ್ದಕ್ಕೆ ಮಾತ್ರ ತಿರುಗಿ ನಿಂತು, “ಯಾಕೆ, ನಿನ್ನೆ ನೋವು ಜಾಸ್ತಿ ಇತ್ತಾ?” ಅಂತ ಕೇಳಿದರು.

ಅವಳು ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತಾರು ವರ್ಷ. ಮೊದಲ ಸಲ ಒಂದು ವಿಷಯದಲ್ಲಿ ನಾನು ಮುಂದೆ. 


ಮಾರ್ಚ್ ೧೦, ಸೋಮವಾರ. ಸಂಜೆ ಆರೂವರೆ

ಇವತ್ತು ಅಕ್ಷರ ಸೊಟ್ಟ.

ವಾರ್ಡಿನ ಬಾಗಿಲಲ್ಲೇ ಫಾರ್ಮ್ ಮೇಡಂ ಕಾದಿದ್ದರು. ಒಳಗೆ ಸಣ್ಣ ರೂಮು, ಎರಡು ಕುರ್ಚಿ, ಒಂದು ಟಿಶ್ಯೂ ಡಬ್ಬ. ನನ್ನನ್ನು ಹೊಗಳಲು ಕರೆದಿದ್ದಾರೆ ಅಂದುಕೊಂಡು ಸೆರಗು ಸರಿಮಾಡಿಕೊಂಡು ಕೂತೆ.

“ಅಮ್ಮ, ನಿಮಗೆ ನಿದ್ದೆ ಬರುತ್ತಾ?”

“ಬರುತ್ತೆ. ಯಾಕೆ?”

“ಮೂವತ್ತೊಂದು ಅಂದ್ರೆ ತುಂಬಾ ಜಾಸ್ತಿ. ಅಂಕ ಹೆಚ್ಚಾದಷ್ಟೂ ಒಳಗೆ ಸಂಕಟ ಹೆಚ್ಚು ಅಂತ. ಈ ವಾರ್ಡಲ್ಲಿ ರೋಗಿಗಳಿಗೂ ಇಷ್ಟು ಬಂದಿಲ್ಲ.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೇಳಿದೆ — ಅದು ಸಂಕಟ ಅಲ್ಲ ಮೇಡಂ, ಭಕ್ತಿ. ನಾನು ಏನೂ ಅಲ್ಲ ಅಂತ ದಿನಾ ದೇವರ ಮುಂದೆ ಹೇಳಿಕೊಳ್ಳುವವಳು ನಾನು, ಅದನ್ನೇ ಬರೆದೆ.

ಆ ಹುಡುಗಿ ಫಾರ್ಮನ್ನು ನನ್ನ ಕಡೆ ತಿರುಗಿಸಿ ಇಟ್ಟಳು. ಆಮೇಲೆ, “ಇರಬಹುದು. ಬೇಜಾರಲ್ಲಿ ಹಾಕಿದ ನಾಲ್ಕು ಯಾವುದು, ಭಕ್ತಿಯಿಂದ ಹಾಕಿದ ನಾಲ್ಕು ಯಾವುದು, ಅದು ಫಾರ್ಮಿಗೆ ಗೊತ್ತಾಗಲ್ಲ. ನಿಮಗೆ ಗೊತ್ತಾಗುತ್ತಲ್ವಾ?”

ಎದ್ದು ಬಂದೆ. 

ಹಾಗಾದರೆ ಆರು ಬಂದವಳಿಗೆ ಸಂಕಟವೇ ಇಲ್ಲ. ಹೊಟ್ಟೆಯೊಳಗೆ ಅಷ್ಟು ದೊಡ್ಡ ರೋಗ ಇಟ್ಟುಕೊಂಡು, ಆರು. 


ಮಾರ್ಚ್ ೧೧

ನಾನು ನಾಲ್ಕೂವರೆಗೆ ಏಳುತ್ತೇನೆ. ತಣ್ಣೀರಲ್ಲಿ ಮೀಯುತ್ತೇನೆ. ದೀಪ ಹಚ್ಚಿ ನೂರೆಂಟು ಸಲ ಹೆಸರು ಹೇಳುತ್ತೇನೆ. ಮೂವತ್ತು ವರ್ಷ. ಜ್ವರ ಬಂದರೂ ಬಿಟ್ಟಿಲ್ಲ. ಅವಳು ಹಾಸಿಗೆಯಿಂದ ಎದ್ದು, ಚಹಾ ಕುಡಿದು, ಸಿನಿಮಾ ಹಾಡು ಗುನುಗುತ್ತಾ ಡ್ಯೂಟಿಗೆ ಹೋಗುತ್ತಿದ್ದಳು. ಅಷ್ಟೇ ಅವಳ ಪೂಜೆ.

ದೇವರೇ, ನೆಮ್ಮದಿ ಹಂಚುವಾಗ ನೀನು ಮನೆ ಬಾಗಿಲು ತಪ್ಪಿದೆಯಾ?

ಅತ್ತೆ ಕೊನೆಗಾಲದಲ್ಲಿ ಎಂಟು ತಿಂಗಳು ಹಾಸಿಗೆ ಹಿಡಿದಿದ್ದರು. ಮಲಮೂತ್ರ ತೆಗೆದವಳು ನಾನು. ಇವಳು ಡ್ಯೂಟಿ ಮುಗಿಸಿ ಬಂದು ಬಾಗಿಲಲ್ಲೇ “ಯಾರ್ರೀ ಟಿಕೆಟ್” ಅನ್ನೋಳು, ಅತ್ತೆ ಹಲ್ಲಿಲ್ಲದ ಬಾಯಲ್ಲಿ ನಗೋರು. ಪ್ರಾಣ ಹೋಗುವ ಹೊತ್ತಿಗೆ ಕೇಳಿದ್ದೂ “ಚಿಕ್ಕವಳು ಬಂದ್ಲಾ?” ಅಂತಲೇ.

ಸಂಜೆ ಮಗಳು ಫೋನ್ ಮಾಡಿದಳು. “ಅಮ್ಮ, ಚಿಕ್ಕಮ್ಮ ಊಟ ಮಾಡಿದ್ಲಾ? ಚಿಕ್ಕಮ್ಮಂಗೆ ಕೊಡು ಫೋನು.” ನಾನು ಊಟ ಮಾಡಿದೆನಾ ಅಂತ ಕೇಳಲಿಲ್ಲ. ಅವರಿಬ್ಬರೂ ಅರ್ಧ ಗಂಟೆ ಮಾತಾಡಿದರು. ಬ್ಯಾಟರಿ ಮುಗಿಯಿತು. 


ಮಾರ್ಚ್ ೧೩, ಗುರುವಾರ. ಸಂಜೆ ಏಳು

ಬರೆಯುತ್ತೇನೆ. ಇಲ್ಲೂ ಬರೆಯದಿದ್ದರೆ ಇನ್ನೆಲ್ಲಿ.

ಇವತ್ತು ಅವಳ ಕೈ ಊದಿತ್ತು, ಪೆನ್ನು ಹಿಡಿಯಲಾಗಲಿಲ್ಲ. “ಅಕ್ಕ, ನಾನು ಹೇಳ್ತೀನಿ, ನೀನು ಬರಿ” ಅಂದಳು. ಎರಡೂ ಹಾಳೆ ನನ್ನ ತೊಡೆಯ ಮೇಲೆ. ಓದುತ್ತಾ ಹೋದೆ. ಅವಳು ಕಣ್ಣು ಮುಚ್ಚಿಕೊಂಡು ಹೇಳುತ್ತಾ ಹೋದಳು. 

“ನಾನು ಮಾಡಿದ್ದೆಲ್ಲ ವ್ಯರ್ಥ ಅನ್ನಿಸುತ್ತದೆ.”

“ಸೊನ್ನೆ. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಲಕ್ಷ ಜನಾನ ಅವರವರ ಸ್ಟಾಪಲ್ಲಿ ಇಳಿಸಿದೀನಿ, ವ್ಯರ್ಥ ಹೇಗಾಗತ್ತೆ?”

“ನನ್ನ ಮನಸ್ಸು ಅರಿತವರು ಯಾರೂ ಇಲ್ಲ.”

“ಸೊನ್ನೆ. ನಿನ್ನ ಮೈದುನ ಇದಾರಲ್ಲ. ನೀನಿದೀಯ.”

ನೀನಿದೀಯ ಅಂದಳು. ಆ ಕ್ಷಣದಲ್ಲೇ ಪೆನ್ನು ನನ್ನ ಹಾಳೆಗೆ ಹೋಯಿತು. ಅವಳ ಸೊನ್ನೆಯನ್ನು ನನ್ನ ಹಾಳೆಯಲ್ಲಿ ಬರೆದೆ. ನನ್ನ ನಾಲ್ಕನ್ನು ಅವಳದರಲ್ಲಿ. ಮೊದಲು ಬರೆದದ್ದನ್ನೂ ತಿದ್ದಿ, ಹತ್ತೂ ಹಾಗೆಯೇ. ಪೆನ್ನು ಕಾಜಾ ಹೊಲಿದ ಹಾಗೆ ನೇರವಾಗಿ ಹೋಯಿತು. 

ಅವಳ ಹಾಳೆಯಲ್ಲಿ ಮೂವತ್ತು. ನನ್ನದರಲ್ಲಿ ಐದು.

ಮೇಡಂ ಎರಡನ್ನೂ ತೆಗೆದುಕೊಂಡು ನೋಡಿದರು. ಅವಳದನ್ನು ನೋಡಿ ಹುಬ್ಬು ಗಂಟಿಕ್ಕಿದರು. ನನ್ನ ಹಾಳೆ ನೋಡಿ, “ಈ ವಾರ ಪರವಾಗಿಲ್ವಾ ಅಮ್ಮ?” ಅಂದರು. ಹೂಂ ಅಂದೆ. ದೇವರ ದಯೆ ಅಂದೆ. ದೇವರ ಹೆಸರನ್ನೂ ಎಳೆದೆ. 

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬಂದೆ. ಮನಸ್ಸು ಹಗುರವಾಗಿತ್ತು, ಅದೂ ನಿಜ.


ಮಾರ್ಚ್ ೧೪

ದೀಪ ಹಚ್ಚಿದೆ. ಹೆಸರು ಹೇಳಲು ಬಾಯಿ ಬರಲಿಲ್ಲ.


ಮಾರ್ಚ್ ೧೬, ಭಾನುವಾರ. ಸಂಜೆ

ನಿನ್ನೆಯಿಂದ ಅವಳಿಗೆ ಹೊಸ ಮಾತ್ರೆ. ಮನಸ್ಸು ತಿಳಿಯಾಗುವ ಮಾತ್ರೆಯಂತೆ. ಮೇಡಂ ಶುಕ್ರವಾರ ಅವಳ ಹತ್ತಿರ ಒಂದು ಗಂಟೆ ಕೂತಿದ್ದರಂತೆ. ಇವಳು ಎಂದಿನಂತೆ ನಗಿಸಿದ್ದಾಳೆ. ಟೀಚರಮ್ಮ ಹೇಳಿದರು. “ಅಷ್ಟು ನಗಿಸೋರೇ ಒಳಗೊಳಗೆ ಕೊರಗ್ತಾರೆ, ಫಾರ್ಮಲ್ಲಿ ಎಲ್ಲಾ ಗೊತ್ತಾಯ್ತು ಅಂತ ಡಾಕ್ಟರ್ ಹತ್ರ ಹೇಳ್ತಿದ್ರಪ್ಪ ಮೇಡಂ. ನಮಗೆ ಯಾರಿಗೂ ಗೊತ್ತೇ ಆಗ್ಲಿಲ್ಲ ನೋಡಿ.”

ನಾಲ್ಕಕ್ಕೆ ಹೋದಾಗ ಮಲಗಿದ್ದಳು. ಐದಕ್ಕೂ. ಆರಕ್ಕೂ. 

ಮೈದುನ ಸ್ಟೂಲಿನ ಮೇಲೆ ಪುಸ್ತಕ ಹಿಡಿದು ಕೂತಿದ್ದ. ಇವತ್ತು ಗ್ಯಾಸ್ ಸಿಲಿಂಡರ್ ಬದಲಿಸುವ ಪಾಠವಂತೆ. “ನಿದ್ದೆ ಮಾಡ್ಲಿ ಬಿಡಿ ಅತ್ತಿಗೆ. ಪಾಪ, ನಿದ್ದೆ ಇಲ್ದೆ ಎಷ್ಟು ದಿನ ಆಯ್ತೋ” ಅಂದ. ಖಾಲಿ ಹಾಳೆಯ ಪುಸ್ತಕ ಮಡಿಚಿ ಜೇಬಿಗೆ ಹಾಕಿಕೊಂಡು ಹೋದ. 


ಮಾರ್ಚ್ ೧೮, ಮಂಗಳವಾರ

ಎಬ್ಬಿಸಿದರೆ ಏಳುತ್ತಾಳೆ. ಎರಡು ಚಮಚ ನುಂಗುತ್ತಾಳೆ. ನಾಲಿಗೆ ತೊದಲುತ್ತದೆ. ಏನೋ ಹೇಳಲು ಹೊರಟು ಅರ್ಧಕ್ಕೆ ಮರೆಯುತ್ತಾಳೆ. ಮತ್ತೆ ನಿದ್ದೆ.

ವಾರ್ಡು ಸ್ಮಶಾನದ ಹಾಗಿದೆ. ನೆಲ ಒರೆಸುವವಳು ಮಂಚದ ಕೆಳಗೆ ಒರೆಸುತ್ತಾ, “ಕಂಡಕ್ಟ್ರಮ್ಮ, ಕಾಲೆತ್ತಿ, ಚೆಕಿಂಗ್ ಬಂದಿದೆ” ಅಂದಳು. ಅದು ಅವರಿಬ್ಬರ ತಮಾಷೆ. ಉತ್ತರ ಬರಲಿಲ್ಲ. ಆ ಹೆಂಗಸು ಬಕೆಟ್ ಎತ್ತಿಕೊಂಡು ಕಣ್ಣೊರೆಸಿಕೊಂಡು ಹೋದಳು. 

ಎಲ್ಲರೂ ನನ್ನನ್ನು ಕೇಳುತ್ತಾರೆ, ಹೇಗಿದ್ದಾರೆ, ಹೇಗಿದ್ದಾರೆ. ಈಗ ನಾಲ್ಕನೇ ಮಂಚದ ಸುತ್ತ ಮಾತಾಡುವವಳು ನಾನೊಬ್ಬಳೇ. ಇದೇ ಬೇಕಿತ್ತಲ್ಲ ನಿನಗೆ.

ಡಾಕ್ಟರು ಹೇಳಿದ್ದು ಏಪ್ರಿಲ್. ಇವತ್ತು ಹದಿನೆಂಟು. ಎಣಿಸಬಾರದು ಅಂದುಕೊಂಡರೂ ಎಣಿಸುತ್ತೇನೆ.


ಮಾರ್ಚ್ ೨೦, ಗುರುವಾರ. ಸಂಜೆ

ಫಾರ್ಮ್ ದಿನ. ಅವಳಿಗೆ ಎಚ್ಚರವಿಲ್ಲ, ಅವಳದು ಖಾಲಿ ಬಿಟ್ಟರು. ಮೇಡಂ ಅಂದರು, “ಏನೂ ಇಂಪ್ರೂವ್ ಕಾಣ್ತಿಲ್ಲ. ಡೋಸ್ ಜಾಸ್ತಿ ಮಾಡೋದಾ ಅಂತ ನಾಳೆ ರೌಂಡ್ಸಲ್ಲಿ ಡಾಕ್ಟರ್ ನೋಡ್ತಾರೆ.”

ನಿಜ ಹೇಳಲು ಬಾಯಿ ತೆರೆದೆ. “ಸರಿ ಮೇಡಂ” ಅಂದೆ.

ಮೈದುನ ಇವತ್ತು ಪುಸ್ತಕ ತಂದಿರಲಿಲ್ಲ. ಕೇಳಿದ್ದಕ್ಕೆ ಹೇಳಿದ, “ಅತ್ತಿಗೆ, ಮೊನ್ನೆ ಸಿಲಿಂಡರ್ ನಾನೇ ಬದಲಾಯಿಸೋಕೆ ಹೋದೆ. ಯಾವ ಕಡೆ ತಿರುಗಿಸ್ಬೇಕು ಅಂತ ಗೊತ್ತಾಗ್ಲಿಲ್ಲ. ಹಾಗೇ ಬಿಟ್ಟು ಕೂತ್ಕೊಂಡೆ. ಇದೊಂದು ಕೇಳ್ಬೇಕಿತ್ತಲ್ಲ ಅಂತ ಅಳು ಬಂತು.” 

ನಾನು ಹೇಳಿಕೊಡಬಹುದಿತ್ತು. ಅವನಿಗೆ ಬೇಕಾದದ್ದು ಸಿಲಿಂಡರ್ ಅಲ್ಲ. ಅವಳ ಬಾಯಿಂದ ಬರುವ ಸಿಲಿಂಡರ್ ಪಾಠ.


ಮಾರ್ಚ್ ೨೧, ಶುಕ್ರವಾರ. ಮಧ್ಯಾಹ್ನ

ಶಿಫ್ಟಿಗೆ ಹೋಗಲಿಲ್ಲ. ಏಳೂವರೆಗೇ ಆಸ್ಪತ್ರೆ. ಮೇಡಂ ಇನ್ನೂ ಬಂದಿರಲಿಲ್ಲ. ರೌಂಡ್ಸ್ ಎಂಟಕ್ಕೆ. ವಾರ್ಡಿನ ದೊಡ್ಡ ಸಿಸ್ಟರ್ ಮೇಜಿನ ಹತ್ತಿರ ಹೋದೆ. 

“ಸಿಸ್ಟರ್, ಹೋದ ವಾರ ಆ ಫಾರ್ಮು… ಅವಳದು ಮೂವತ್ತಲ್ಲ. ಐದು. ಮೂವತ್ತು ನಂದು. ಹಾಳೆ ಅದಲುಬದಲಾಯ್ತು.”

ಅದಲುಬದಲಾಯ್ತು. ಮಾಡಿದೆ ಅನ್ನಲಿಲ್ಲ. ನಾಲಿಗೆ ತಾನಾಗಿಯೇ ಆ ಕಡೆ ಹೊರಳಿತು.

ಸಿಸ್ಟರ್ ಹಣೆ ಚಚ್ಚಿಕೊಂಡರು. “ಅಯ್ಯೋ ಅಮ್ಮ! ಎರಡು ಹಾಳೆ ನೆಟ್ಟಗೆ ಇಟ್ಕೊಳ್ಳೋಕಾಗ್ಲಿಲ್ವಾ? ಒಂದು ವಾರ ಆಯ್ತಲ್ರೀ!” ಬೈದರು. ಬೈದಷ್ಟೂ ಒಳ್ಳೆಯದಾಯಿತು. ಡಾಕ್ಟರು ಬಂದರು, ಮಾತ್ರೆ ನಿಲ್ಲಿಸಿದರು. ಮೈಯಿಂದ ಇಳಿಯಲು ಎರಡು ಮೂರು ದಿನ ಬೇಕಂತೆ.

ಮೇಡಂ ಒಂಬತ್ತಕ್ಕೆ ಬಂದರು. ಬೈಯಲಿಲ್ಲ. ಅದೇ ಸಣ್ಣ ರೂಮು. ಎರಡೂ ಹಾಳೆ ಮೇಜಿನ ಮೇಲೆ ಹರಡಿದರು. ಅವಳ ಹಾಳೆಯ ತಲೆಯಲ್ಲಿ ಅವಳ ಹೆಸರು, ನನ್ನ ಕೈಬರಹದಲ್ಲೇ. ಮೊದಲ ಸಾಲಿನಲ್ಲಿ ಸರಿಯಾದ ಸೊನ್ನೆ ಬರೆದು, ಆಮೇಲೆ ತಿದ್ದಿ ನಾಲ್ಕು ಮಾಡಿದ ಗುರುತು ಕಾಣುತ್ತಿತ್ತು.

“ಹಾಳೆ ಅದಲುಬದಲಾದ್ರೆ ಅಂಕ ತಿದ್ದಿದ ಗುರುತು ಇರಲ್ಲ ಅಮ್ಮ” ಅಂದರು.

ನಾನು ನೆಲ ನೋಡಿದೆ.

“ನಾನೂ ತಪ್ಪು ಮಾಡಿದೆ. ಹಾಳೆ ನಂಬಿದೆ, ಅವರ ಮುಖ ನಂಬಲಿಲ್ಲ. ಅದನ್ನ ನಾನು ಡಾಕ್ಟರಿಗೆ ಹೇಳ್ತೀನಿ. ನಿಮ್ಮದನ್ನ ನೀವೇ ನಿಮ್ಮ ಓರಗಿತ್ತಿಗೆ ಹೇಳಿ. ನಾನು ಹೇಳಲ್ಲ.” ಬಾಗಿಲವರೆಗೆ ಬಂದು ಮತ್ತೆ ಅಂದರು, “ಒಂದು ಕೇಳ್ಲಾ? ಆ ಮೂವತ್ತು ನಿಜವಾಗ್ಲೂ ನಿಮ್ಮದಾದ್ರೆ, ನಿಮ್ಮ ಹತ್ರ ಯಾರು ಕೂತಿದ್ರು ಈ ಒಂದು ವಾರ?”


ಮಾರ್ಚ್ ೨೩, ಭಾನುವಾರ

ಇನ್ನೂ ನಿದ್ದೆ. ಉಸಿರು ಎಣಿಸುತ್ತಾ ಕೂತೆ. ನೂರೆಂಟು.


ಮಾರ್ಚ್ ೨೪, ಸೋಮವಾರ. ಸಂಜೆ ಏಳೂವರೆ

ಕಣ್ಣು ಬಿಟ್ಟಳು! ನಾನು ಹೋದಾಗ ಒರಗಿ ಕೂತಿದ್ದಳು. ದನಿ ಇಳಿದಿದೆ, ಬಾವಿಯೊಳಗಿಂದ ಬಂದ ಹಾಗೆ. ಆದರೂ ಅವಳದೇ ದನಿ. ಸಿಸ್ಟರ್ ಎಲ್ಲ ಹೇಳಿಬಿಟ್ಟಿದ್ದಾರೆ. 

“ಬಾ ಬಾ ಅಕ್ಕ. ಒಬ್ಬರ ಟಿಕೆಟ್ಟು ಇನ್ನೊಬ್ಬರಿಗೆ ಹರಿದು ಕೊಟ್ಯಂತೆ? ನಮ್ಮ ಡಿಪೋದಲ್ಲಾಗಿದ್ರೆ ಸಸ್ಪೆಂಡು!”

ಟೀಚರಮ್ಮ ನಕ್ಕರು. ನೆಲ ಒರೆಸುವವಳು ನಕ್ಕಳು. ನಾನೂ ಹಲ್ಲು ಬಿಟ್ಟೆ. ತಪ್ಪಿಸಿಕೊಂಡೆ ಅಂದುಕೊಂಡೆ.

ನಗು ನಿಂತಮೇಲೆ ನನ್ನ ಕೈ ಹಿಡಿದು ಹತ್ತಿರ ಎಳೆದಳು. ಸಣ್ಣಗೆ ಕೇಳಿದಳು.

“ಅಂದ್ರೆ ಆ ಮೂವತ್ತು ನಿಂದಾ?”

“ಏನೋ… ತಿಳೀದೆ ಬರ್ದಿದ್ದು.”

“ನನ್ನ ಮನಸ್ಸು ಅರಿತವರು ಯಾರೂ ಇಲ್ಲ ಅಂತ ಒಂದಿತ್ತಲ್ಲ. ಅದಕ್ಕೆಷ್ಟು ಹಾಕಿದ್ದೆ?”

ಡಬ್ಬಿ ಸ್ಟೂಲಿನ ಮೇಲಿಟ್ಟೆ.

“ನಾಲ್ಕಾ?”

ಕೈ ಬಿಡಲಿಲ್ಲ ಅವಳು. ಊದಿದ ಕೈ, ಬಿಸಿ ಬಿಸಿ. “ಇಪ್ಪತ್ತಾರು ವರ್ಷ ಒಂದೇ ಗೋಡೆ ಆಚೆ ಈಚೆ ಇದ್ವಿ ಅಕ್ಕ. ನಂಗೆ ಗೊತ್ತೇ ಆಗ್ಲಿಲ್ಲ ನೋಡು” ಅಂದಳು. ಕಣ್ಣಲ್ಲಿ ನೀರು. ತನಗಾಗಿ ಒಂದು ಹನಿ ಹಾಕದವಳು!

ನನ್ನ ಮೇಲೆ ಮರುಕ. ಅವಳಿಗೆ. ಇದಕ್ಕಿಂತ ಕೆನ್ನೆಗೆ ಬಾರಿಸಿದ್ದರೆ ಚೆನ್ನಾಗಿತ್ತು. 


ಮಾರ್ಚ್ ೨೮, ಶುಕ್ರವಾರ

ನಾಲ್ಕು ದಿನದಿಂದ ಇದೇ. ನಾನು ಹೋದಕೂಡಲೇ ಎಲ್ಲರನ್ನೂ ಕಳಿಸುತ್ತಾಳೆ. “ಅಕ್ಕ ಬಂದ್ಲು, ನೀವೆಲ್ಲ ಇಳೀರಿ.” ಸ್ಟೂಲಿನ ಮೇಲೆ ಕೂರಿಸಿ ನನ್ನನ್ನೇ ಕೇಳುತ್ತಾಳೆ. ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಬೈದನಾ, ಕಣ್ಣು ತೋರಿಸಿದೆಯಾ, ಶಾಲೆ ಯಾಕೆ ಬಿಟ್ಟೆ, ಮದುವೆಗೆ ಮುಂಚೆ ಏನಾಗಬೇಕು ಅಂತಿದ್ದೆ. ಯಾರೂ ಕೇಳಿರಲಿಲ್ಲ ಇದನ್ನೆಲ್ಲ. ಹೇಳುತ್ತಾ ಹೋದರೆ ಒಂದು ಗಂಟೆ. ಅಷ್ಟರಲ್ಲಿ ಅವಳಿಗೆ ಆಯಾಸ. ಮೈದುನ ಐದಕ್ಕೆ ಬರುವಾಗ ಪಾಠಕ್ಕೆ ಹತ್ತು ನಿಮಿಷದ ಶಕ್ತಿ ಉಳಿದಿರುತ್ತದೆ. ನಿನ್ನೆ ಅದೂ ಇರಲಿಲ್ಲ.

ಮೊದಲು ಎಂಟು ದಿನ ಕದ್ದೆ. ಈಗ ಉಳಿದ ಗಂಟೆಗಳನ್ನೂ ನಾನೇ ತಿನ್ನುತ್ತಿದ್ದೇನೆ. ಮತ್ತೆ — ಹಿತವಾಗಿದೆ. ಎಷ್ಟು ಹಿತವಾಗಿದೆ ಅಂದರೆ ನಾಲ್ಕು ಯಾವಾಗ ಆಗುತ್ತದೋ ಅಂತ ಮಿಷಿನ್ ಮುಂದೆ ಗಡಿಯಾರ ನೋಡುತ್ತೇನೆ. 

ಮಗಳಿಗೆ ಫೋನಿನಲ್ಲಿ ಹೇಳಿದ್ದಾಳಂತೆ. “ಮೊದಲು ಅಮ್ಮ ಹೇಗಿದಾಳೆ ಕೇಳು, ಆಮೇಲೆ ನನ್ನ ವಿಷಯ.” ಮಗಳು ಕೇಳಿದಳು. ಕೇಳಿಸಿದವಳು ಯಾರು ಅಂತ ಗೊತ್ತಿದ್ದೂ ನನಗೆ ಸಂತೋಷವಾಯಿತು. ಇದೂ ಅವಳ ಕೈಯಿಂದಲೇ ಬರಬೇಕೇ ನನಗೆ?


ಮಾರ್ಚ್ ೩೧, ಸೋಮವಾರ. ಬೆಳಿಗ್ಗೆ ಐದು

ಇವತ್ತು ಹೇಳುತ್ತೇನೆ. ದೀಪದ ಮುಂದೆ ಹೇಳಿಕೊಂಡಿದ್ದೇನೆ. ಹೇಳದೆ ಬಂದರೆ ನಾಳೆ ದೀಪ ಹಚ್ಚುವುದಿಲ್ಲ.


ಅದೇ ದಿನ. ಸಂಜೆ ಎಂಟು

ಹೇಳಿದೆ.

“ಹಾಳೆ ಅದಲುಬದಲಾಗ್ಲಿಲ್ಲ. ಬೇಕು ಅಂತ್ಲೇ ಬರ್ದೆ. ನೀನು ಸೊನ್ನೆ ಅಂದಿದ್ದನ್ನ ನಂಗೆ ಹಾಕ್ಕೊಂಡು, ನಂದು ನಿಂಗೆ ಹಾಕ್ದೆ. ಅಂಕ ಜಾಸ್ತಿ ಅಂದ್ರೆ ಕೆಟ್ಟದ್ದು ಅಂತ ಅಷ್ಟೊತ್ತಿಗೆ ಗೊತ್ತಿತ್ತು.”

ನಗುತ್ತಾಳೆ ಅಂದುಕೊಂಡಿದ್ದೆ. ಯಾವುದಕ್ಕೂ ನಗುವವಳು.

“ಯಾಕೆ?”

“ಹೊಟ್ಟೆಕಿಚ್ಚು.”

“ನನ್ ಮೇಲಾ?” ತನ್ನ ಹೊಟ್ಟೆ ನೋಡಿಕೊಂಡಳು, ಸೂಜಿ ಚುಚ್ಚಿದ ಕೈ ನೋಡಿಕೊಂಡಳು. “ಇದರ ಮೇಲಾ ಅಕ್ಕ?”

“ಹೂಂ.”

ಟ್ರಾಲಿ ಹೋಯಿತು. ಟೀಚರಮ್ಮ ಕೆಮ್ಮಿದರು. 

“ಎಂಟು ದಿನ” ಅಂದಳು. ದನಿ ಏರಲಿಲ್ಲ. “ನಂಗೆ ಎಷ್ಟಿದೆ ಅಂತ ನಿಂಗೆ ಗೊತ್ತಿತ್ತು. ಅದ್ರಲ್ಲಿ ಎಂಟು. ಅವ್ರು ಇಲ್ಲಿ ಪುಸ್ತಕ ಹಿಡ್ಕೊಂಡು ಕೂತಿದ್ರಂತೆ. ನೀನು ನೋಡ್ತಾ ಇದ್ದೆ.”

“ತಪ್ಪಾಯ್ತು.”

“ಹೂಂ. ಆಯ್ತು.” ಗೋಡೆ ಕಡೆ ತಿರುಗಿದಳು. ತಿರುಗಲೂ ಶಕ್ತಿ ಇಲ್ಲ, ಎರಡು ಸಲ ಪ್ರಯತ್ನಪಟ್ಟಳು. ಸಹಾಯಕ್ಕೆ ಕೈ ಚಾಚಿದೆ. “ಬೇಡ” ಅಂದಳು. 

ನಾನು ಹೊರಡುವಾಗಲೂ ಅಕ್ಕ ಅನ್ನಲಿಲ್ಲ, ಇಪ್ಪತ್ತಾರು ವರ್ಷದಲ್ಲಿ ಇದೇ ಮೊದಲು. 


ಏಪ್ರಿಲ್ ೧

ಹೋದೆ. ಅವಳು ಮುಖ ಈ ಕಡೆ ತಿರುಗಿಸಲಿಲ್ಲ. ಡಬ್ಬಿ ಇಟ್ಟು, ನೀರು ತುಂಬಿಸಿ, ಬಾಗಿಲ ಹೊರಗೆ ಬೆಂಚಿನಲ್ಲಿ ಕೂತೆ. ಐದಕ್ಕೆ ಮೈದುನ ಬಂದ. ಒಳಗಿಂದ ಅವಳ ದನಿ, ತುಂಡು ತುಂಡಾಗಿ. ಇಸ್ತ್ರಿಪೆಟ್ಟಿಗೆ ಪಾಠ. ಕಾಲರ್ ಮೊದಲು, ತೋಳು ಆಮೇಲೆ. ಹೊರಗೆ ಕೂತೇ ಕೇಳಿದೆ. ನಡುವೆ ಅವನು ಏನೋ ಅಂದ, ಅವಳು ನಕ್ಕಳು. 

ಆ ನಗುವಿನ ಮೇಲೂ ಹೊಟ್ಟೆಕಿಚ್ಚಾಯಿತು. ಇನ್ನೂ ಹೋಗಿಲ್ಲ ಈ ರೋಗ. ಇದಕ್ಕೆ ಮಾತ್ರೆ ಇದೆಯಾ ಮೇಡಂ ಹತ್ತಿರ? 


ಏಪ್ರಿಲ್ ೩, ಗುರುವಾರ. ಸಂಜೆ

ಫಾರ್ಮ್. ಅವಳದನ್ನು ಮೇಡಂ ತಾವೇ ಓದಿ ತಾವೇ ಬರೆದರು. ನಾನು ಬೆಂಚಿನಲ್ಲಿ. ಕೇಳಿಸುತ್ತಿತ್ತು. ಸೊನ್ನೆ. ಸೊನ್ನೆ. ಒಂದು. ‘ಮುಗಿಸಬೇಕಾದ ಕೆಲಸ ಉಳಿದುಹೋಗುತ್ತದೆ ಅನ್ನಿಸುತ್ತದೆ.’ ಅದಕ್ಕೆ ಹೋದ ತಿಂಗಳು ಸೊನ್ನೆ ಅಂದಿದ್ದಳು. “ದಿನಕ್ಕೊಂದು ಪಾಠ, ಲೆಕ್ಕ ಸರಿಯಾಗಿದೆ” ಅಂದಿದ್ದಳು. ಇವತ್ತು, “ನಾಲ್ಕು.”

ಆ ನಾಲ್ಕು ನನ್ನದು. ಈ ಸಲ ನಿಜವಾಗಿಯೂ ನನ್ನ ಅಂಕ ಅವಳ ಹಾಳೆಯಲ್ಲಿದೆ.

ನನ್ನ ಹಾಳೆ ನಾನು ಬರೆದೆ. ನಿಜ ಬರೆದೆ. ಇಪ್ಪತ್ತೆಂಟು. ಮೇಡಂ ಸೋಮವಾರ ಬರಲು ಹೇಳಿದರು. ಬರುತ್ತೇನೆ ಅಂದೆ. ನನಗೋಸ್ಕರ ಒಂದು ಕುರ್ಚಿಯಲ್ಲಿ ಕೂತು ಏನು ಹೇಳುವುದೋ, ಗೊತ್ತಿಲ್ಲ. ದೇವರ ಹತ್ತಿರ ಹೇಳಿದ್ದು ಸಾಲದೇ ಅಂತ ಕೇಳಿದ್ದಕ್ಕೆ, “ಅಲ್ಲಿ ಹೇಳೋದು ಬಿಡ್ಬೇಡಿ. ಇಲ್ಲೂ ಹೇಳಿ” ಅಂದರು.


ಏಪ್ರಿಲ್ ೬, ಭಾನುವಾರ. ಮಧ್ಯಾಹ್ನ ಮೂರು, ವಾರ್ಡಿನಲ್ಲಿ

ಇಲ್ಲಿ ಕೂತು ಬರೆಯುವುದು ಇದೇ ಮೊದಲು. 

ಬೆಳಿಗ್ಗೆ ಸಿಸ್ಟರ್ ಹೇಳಿದರು, ಇನ್ನು ಎರಡು ಮೂರು ದಿನ. ಮೈದುನ ಇಡೀ ರಾತ್ರಿ ಕೂತಿದ್ದ, ಮುಖ ತೊಳೆದು ಬರಲು ಮನೆಗೆ ಹೋಗಿದ್ದಾನೆ. ನಾನು ಬೆಂಚಿನಲ್ಲಿದ್ದೆ. ಟೀಚರಮ್ಮ ಬಾಗಿಲಿಗೆ ಬಂದರು. “ಕರೀತಿದಾರೆ ರೀ, ನಿಮ್ಮನ್ನೇ.”

ಮುಖ ಈ ಕಡೆಯೇ ಇತ್ತು. ಕ್ಷಮಿಸಿದ ಮುಖ ಅಲ್ಲ ಅದು. ಡ್ಯೂಟಿಯಲ್ಲಿರುವ ಮುಖ. 

“ಪೆನ್ನಿದೆಯಾ?”

ಪೆನ್ನಿತ್ತು. ಕಾಗದ ಇರಲಿಲ್ಲ. ಚೀಲದಲ್ಲಿ ಈ ದಿನಚರಿ ಪುಸ್ತಕ ಒಂದೇ.

“ಆ ಎಂಟು ದಿನದ ಪಾಠ. ಅವ್ರು ಬರೋವರೆಗೂ ನಾನು ತಡೀತೀನೋ ಇಲ್ವೋ. ನಾನು ಹೇಳ್ತೀನಿ, ನೀನು ಬರಿ. ನಾನು ಹೇಳಿದ್ದನ್ನ.”

ಕೊನೆಯ ಮಾತು ನನ್ನ ಕಣ್ಣು ನೋಡಿಯೇ ಹೇಳಿದಳು. 

ಒಂದು. ಸಿಲಿಂಡರ್ ಬದಲಿಸುವಾಗ ಮೊದಲು ಕಿಟಕಿ ತೆರೆಯಬೇಕು. ರೆಗ್ಯುಲೇಟರ್ ಬಲಕ್ಕೆ ತಿರುಗಿಸಿ ಬಂದ್ ಮಾಡಿ, ಆಮೇಲೆ ಬಿಚ್ಚುವುದು. ಅವಸರ ಬೇಡ.

ಎರಡು. ಕರೆಂಟ್ ಬಿಲ್ ತಿಂಗಳ ಹತ್ತಕ್ಕೆ. ಹನ್ನೊಂದಕ್ಕೆ ಹೋದರೆ ಕೌಂಟರ್ ಕಿಟಕಿಯಲ್ಲಿರುವವನು ಬೈಯುತ್ತಾನೆ. ಬೈದರೆ ತಿರುಗಿ ನಗು, ಸರಿಹೋಗುತ್ತಾನೆ.

ಮೂರು. ಹಾಲು ಒಲೆ ಮೇಲಿಟ್ಟು ಪೇಪರ್ ಓದಬೇಡ.

ನಾಲ್ಕು. ನನ್ನ ಯೂನಿಫಾರ್ಮ್ ಎರಡು ಜೊತೆ ಇವೆ. ಡಿಪೋದಲ್ಲಿ ಹೊಸದಾಗಿ ಸೇರಿದ ಹುಡುಗಿಗೆ ಕೊಡು. ಇಟ್ಟುಕೊಂಡು ಮೂಸುತ್ತಾ ಕೂರಬೇಡ.

(ಇಲ್ಲಿ ನೀರು ಕೇಳಿದಳು. ಎರಡು ಚಮಚ.)

ಐದು. ಉಗುರು ವಾರಕ್ಕೊಮ್ಮೆ. ಯಾರೂ ನೆನಪಿಸುವುದಿಲ್ಲ ಇನ್ನು.

ಆರು. ಅಳು ಬಂದರೆ ಅಳು. ಆಮೇಲೆ ಊಟ ಮಾಡು. ಊಟ ಬಿಡಬೇಡ.

ಏಳು. ಭಾನುವಾರ ಮಧ್ಯಾಹ್ನ ಅಕ್ಕನ ಮನೆಗೆ ಹೋಗು. ಅವಳು ಬಾಗಿಲು ತೆರೆದ ತಕ್ಷಣ ನನ್ನ ಸುದ್ದಿ ತೆಗೆಯಬೇಡ. ಮೊದಲು ಅವಳನ್ನ ಕೇಳು. ಏನು ಕೇಳಬೇಕು ಅಂದರೆ, ಅತ್ತಿಗೆ, ನಿಮ್ಮ ಊಟ ಆಯ್ತಾ ಅಂತ.

(ಎಂಟಕ್ಕೆ ಮುಂಚೆ ಮತ್ತೆ ನೀರು ಕೇಳಿದಳು.)